ಕೆಲಸದಲ್ಲಿ ಹೊಸ ಯೋಚನೆ: ಏಳು ಹಂತಗಳ ಕ್ರಮ

ಹೊಸ ಯೋಚನೆ ಹುಟ್ಟಾ ಪ್ರತಿಭಾವಂತರಿಗೆ ಮಾತ್ರ ಹೊಳೆಯುತ್ತದೆ ಎಂಬ ನಂಬಿಕೆ ಕಚೇರಿ, ಕಾರ್ಖಾನೆ, ಅಂಗಡಿಗಳಲ್ಲೆಲ್ಲ ಬೇರೂರಿದೆ. ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ಪ್ರಕಟಿಸಿದ ‘ದಿ ಆರ್ಟ್ ಆಫ್ ಥಾಟ್’ ಗ್ರಂಥದಲ್ಲಿ ಸೃಜನಶೀಲ ಚಿಂತನೆಯ ನಾಲ್ಕು ಘಟ್ಟಗಳನ್ನು ಗುರುತಿಸಿದರು: ಸಿದ್ಧತೆ, ಮನಸ್ಸಿನೊಳಗೆ ಮಾಗುವುದು, ಹೊಳಹು ಮತ್ತು ಪರೀಕ್ಷೆ. ಹೊಳಹು ಯಾವ ಕ್ಷಣ ಬರುತ್ತದೆಂಬುದು ಯಾರ ಕೈಯಲ್ಲೂ ಇಲ್ಲ. ಆದರೆ ಅದರ ಹಿಂದುಮುಂದಿನ ಕೆಲಸವನ್ನು ಕ್ರಮವಾಗಿ ಕಲಿಯಬಹುದು, ಸಹೋದ್ಯೋಗಿಗಳಿಗೆ ಕಲಿಸಲೂಬಹುದು.

ಹಂತ 1: ಸಮಸ್ಯೆಯನ್ನು ಪ್ರಶ್ನೆಯಾಗಿಸುವುದು

ಜಪಾನಿನ ಟೊಯೊಟಾ ಕಂಪನಿಯಲ್ಲಿ ಬೆಳೆದುಬಂದ ‘ಐದು ಏಕೆ’ ವಿಧಾನ ಇಲ್ಲಿ ನೆರವಾಗುತ್ತದೆ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಸೋಮವಾರ ಉದ್ದನೆಯ ಸಾಲು ನಿಲ್ಲುತ್ತದೆ ಎಂದುಕೊಳ್ಳೋಣ. ಏಕೆ? ಒಬ್ಬೊಬ್ಬರ ಕೆಲಸಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಏಕೆ? ಗುಮಾಸ್ತರೇ ಚಲನ್ ತುಂಬಿಕೊಡಬೇಕು. ಏಕೆ? ಯಾವ ಕಾಲಂನಲ್ಲಿ ಏನು ಬರೆಯಬೇಕೆಂಬುದು ಸದಸ್ಯರಿಗೆ ತಿಳಿಯುವುದಿಲ್ಲ. ಮೂರನೆಯ ‘ಏಕೆ’ಗೇ ಬೇರು ಸಿಕ್ಕಿತು. ‘ಸಾಲು ಉದ್ದವಾಗಿದೆ’ ಎಂಬ ದೂರು ಈಗ ‘ಸದಸ್ಯರು ತಾವೇ ಚಲನ್ ತುಂಬುವಂತೆ ಮಾಡುವುದು ಹೇಗೆ?’ ಎಂಬ ಪ್ರಶ್ನೆಯಾಗುತ್ತದೆ. ಉತ್ತರ ಹುಡುಕಬೇಕಾದದ್ದು ಈ ಪ್ರಶ್ನೆಗೆ.

ಹಂತ 2: ಸ್ಥಳದಲ್ಲೇ ನಿಂತು ನೋಡುವುದು

ಸಭೆ ಕರೆಯುವ ಮುನ್ನ ಕೌಂಟರಿನ ಬಳಿ ಒಂದು ಗಂಟೆ ನಿಂತು, ಜನ ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಅಟೆಂಡರ್, ಕಾವಲುಗಾರ ಮತ್ತು ಸಾಲಿನಲ್ಲಿ ನಿಂತ ಸದಸ್ಯರನ್ನು ಮಾತನಾಡಿಸಬೇಕು. ಮೇಜಿನ ಹಿಂದೆ ಕುಳಿತವರಿಗೆ ಕಾಣದ್ದು ಇವರಿಗೆ ಕಂಡಿರುತ್ತದೆ.

ಹಂತ 3: ಮಾತಿಗೆ ಮೊದಲು ಬರೆಯುವುದು

ಗುಂಪಿನಲ್ಲಿ ಕುಳಿತು ಯೋಚನೆಗಳನ್ನು ಹೊರಹಾಕುವ ‘ಬ್ರೈನ್‌ಸ್ಟಾರ್ಮಿಂಗ್’ ವಿಧಾನವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬರ್ನ್. ಅವರ ನಿಯಮಗಳು ನಾಲ್ಕು: ಆ ಹೊತ್ತಿನಲ್ಲಿ ಯಾವುದನ್ನೂ ಟೀಕಿಸಬಾರದು, ವಿಚಿತ್ರವೆನಿಸಿದ್ದನ್ನೂ ಹೇಳಬೇಕು, ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದು, ಇನ್ನೊಬ್ಬರ ಯೋಚನೆಗೆ ತಮ್ಮದನ್ನು ಸೇರಿಸಿ ಬೆಳೆಸಬೇಕು.

ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪ್ರಕಟವಾದ ಪ್ರಯೋಗದಲ್ಲಿ, ಒಟ್ಟಿಗೆ ಕುಳಿತ ನಾಲ್ವರಿಗಿಂತ ಬೇರೆಬೇರೆಯಾಗಿ ಕೆಲಸ ಮಾಡಿದ ನಾಲ್ವರಿಂದ ಹೆಚ್ಚು ಯೋಚನೆಗಳು ಬಂದವು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು. ಕಾಯುತ್ತಿರುವಾಗ ಹೊಳೆದದ್ದು ಮರೆತುಹೋಗುತ್ತದೆ. ಹಿರಿಯ ಅಧಿಕಾರಿಯ ಮುಂದೆ ಬಾಯಿ ತೆರೆಯಲು ಅಂಜಿಕೆಯೂ ಇರುತ್ತದೆ.

ಇದಕ್ಕೆ ಪರಿಹಾರ ಜರ್ಮನಿಯ ಬರ್ಂಡ್ ರೋರ್ಬಾಖ್ 1968ರಲ್ಲಿ ರೂಪಿಸಿದ ‘6-3-5’ ವಿಧಾನ. 6 ಜನ ಕುಳಿತು ತಲಾ 3 ಯೋಚನೆಗಳನ್ನು 5 ನಿಮಿಷದಲ್ಲಿ ಹಾಳೆಯ ಮೇಲೆ ಬರೆಯುತ್ತಾರೆ. ನಂತರ ಹಾಳೆ ಪಕ್ಕದವರಿಗೆ ಹೋಗುತ್ತದೆ. ಅವರು ಬರೆದದ್ದನ್ನು ಓದಿ, ಇನ್ನೂ 3 ಸೇರಿಸುತ್ತಾರೆ. ಆರು ಸುತ್ತು ಮುಗಿದಾಗ, ಅಂದರೆ ಅರ್ಧ ಗಂಟೆಯಲ್ಲಿ, ಹಾಳೆಗಳ ಮೇಲೆ 108 ಯೋಚನೆಗಳಿರುತ್ತವೆ. ಕೆಲಸಕ್ಕೆ ಹೊಸದಾಗಿ ಸೇರಿದವರ ಮಾತಿಗೂ ಇಲ್ಲಿ ಸಮಾನ ಜಾಗವಿದೆ.

ಹಂತ 4: ಏಳು ಪ್ರಶ್ನೆಗಳಿಂದ ಕೆದಕುವುದು

ಯೋಚನೆಗಳು ಬತ್ತಿದಾಗ ‘ಸ್ಕ್ಯಾಂಪರ್’ ಪಟ್ಟಿಯನ್ನು ಕೈಗೆತ್ತಿಕೊಳ್ಳಬೇಕು. ಆಸ್ಬರ್ನ್ ಅವರ ಪ್ರಶ್ನೆಗಳನ್ನು ಅಮೆರಿಕದ ಶಿಕ್ಷಣತಜ್ಞ ಬಾಬ್ ಎಬರ್ಲೆ ಹೀಗೆ ಅಡಕಗೊಳಿಸಿದರು. ಸಂಘದ ಉದಾಹರಣೆಗೆ ಅನ್ವಯಿಸಿದರೆ:

- ಬದಲಿಸಬಹುದೇ? ಬರೆಯುವ ಜಾಗದಲ್ಲಿ ಟಿಕ್ ಹಾಕುವ ಚೌಕಗಳು.
- ಸೇರಿಸಬಹುದೇ? ಹಣ ಕಟ್ಟಲು, ತೆಗೆಯಲು ಒಂದೇ ಚಲನ್.
- ಬೇರೆಡೆಯ ರೂಢಿಯನ್ನು ಅಳವಡಿಸಬಹುದೇ? ಆಸ್ಪತ್ರೆಯಲ್ಲಿರುವಂತೆ ಟೋಕನ್.
- ಹಿಗ್ಗಿಸಬಹುದೇ, ಕುಗ್ಗಿಸಬಹುದೇ? ದೊಡ್ಡ ಅಕ್ಷರ, ಕಡಿಮೆ ಕಾಲಂ.
- ಇರುವುದನ್ನೇ ಬೇರೆ ಕೆಲಸಕ್ಕೆ ಬಳಸಬಹುದೇ? ನೋಟಿಸ್ ಬೋರ್ಡಿನ ಮೇಲೆ ತುಂಬಿದ ಮಾದರಿ ಚಲನ್.
- ತೆಗೆದುಹಾಕಬಹುದೇ? ಪಾಸ್‌ಬುಕ್ಕಿನಲ್ಲಿರುವ ವಿವರವನ್ನು ಮತ್ತೆ ಕೇಳದಿರುವುದು.
- ಕ್ರಮವನ್ನು ತಿರುಗಿಸಬಹುದೇ? ಹಿಂದಿನ ಭೇಟಿಯಲ್ಲೇ ಮುಂದಿನ ಚಲನ್ ಕೊಟ್ಟು ಕಳುಹಿಸುವುದು.

ಮೊದಲನೆಯ ಪ್ರಶ್ನೆಯ ಬಲಕ್ಕೆ ರವೆ ಇಡ್ಲಿಯೇ ಸಾಕ್ಷಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ರವೆ ಬಳಸಿ ಇದನ್ನು ರೂಪಿಸಿದ್ದಾಗಿ ಬೆಂಗಳೂರಿನ ಎಂಟಿಆರ್ ಹೇಳುತ್ತದೆ.

ಹಂತ 5: ಬಿಡುವು ಕೊಡುವುದು

ಪಟ್ಟಿ ಸಿದ್ಧವಾದ ದಿನವೇ ತೀರ್ಮಾನ ಬೇಡ. ಕನಿಷ್ಠ ಒಂದು ರಾತ್ರಿ ಕಳೆಯಲಿ. ವಾಲಸ್ ಹೇಳಿದ ಮಾಗುವಿಕೆಗೆ ಇದು ಅವಕಾಶ. ಈ ನಡುವೆ ಹೊಳೆದದ್ದನ್ನು ಬರೆದಿಡಲು ಕಿರುಪುಸ್ತಕವೋ ಮೊಬೈಲೋ ಹತ್ತಿರವಿರಬೇಕು.

ಹಂತ 6: ಆರು ಟೋಪಿಗಳಿಂದ ತೂಗುವುದು

ಟೀಕೆಗೆ ಜಾಗ ಈಗ. ಮಾಲ್ಟಾ ಮೂಲದ ಎಡ್ವರ್ಡ್ ಡಿ ಬೊನೊ 1985ರಲ್ಲಿ ಪುಸ್ತಕವಾಗಿ ಕೊಟ್ಟ ‘ಆರು ಚಿಂತನಾ ಟೋಪಿ’ ವಿಧಾನದಲ್ಲಿ ಎಲ್ಲರೂ ಒಂದು ಹೊತ್ತಿಗೆ ಒಂದೇ ಬಣ್ಣದ ಟೋಪಿ ಧರಿಸಿದಂತೆ ಯೋಚಿಸುತ್ತಾರೆ. ಬಿಳಿ ಮಾಹಿತಿಗೆ, ಕೆಂಪು ಭಾವನೆಗೆ, ಕಪ್ಪು ಅಪಾಯಕ್ಕೆ, ಹಳದಿ ಲಾಭಕ್ಕೆ, ಹಸಿರು ಹೊಸ ದಾರಿಗೆ, ನೀಲಿ ಚರ್ಚೆಯ ನಿರ್ವಹಣೆಗೆ. ಎಲ್ಲರೂ ಒಂದೇ ದಿಕ್ಕಿನಲ್ಲಿ ನೋಡುವುದರಿಂದ ವಾದ ವೈಯಕ್ತಿಕ ಜಗಳವಾಗುವುದಿಲ್ಲ.

ಹಂತ 7: ಚಿಕ್ಕದಾಗಿ ಪರೀಕ್ಷಿಸುವುದು, ಉಳಿದದ್ದನ್ನು ಕಾದಿಡುವುದು

ಆಯ್ದ ಯೋಚನೆಯನ್ನು ಒಂದು ಕೌಂಟರಿನಲ್ಲಿ ಒಂದು ವಾರ ನಡೆಸಿ, ಮೊದಲು ಹಿಡಿಯುತ್ತಿದ್ದ ಸಮಯವನ್ನೂ ಈಗ ಹಿಡಿದ ಸಮಯವನ್ನೂ ಹೋಲಿಸಬೇಕು. ಕೈಬಿಟ್ಟ ಯೋಚನೆಗಳನ್ನು ಎಸೆಯಬಾರದು. 3ಎಂ ಕಂಪನಿಯ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಕಂಡುಹಿಡಿದ, ಹಗುರಾಗಿ ಅಂಟಿ ಸುಲಭವಾಗಿ ಬಿಡುವ ಅಂಟಿಗೆ ಆಗ ಉಪಯೋಗವೇ ತೋಚಲಿಲ್ಲ. 1974ರಲ್ಲಿ ಸಹೋದ್ಯೋಗಿ ಆರ್ಟ್ ಫ್ರೈ, ಪ್ರಾರ್ಥನಾ ಗೀತೆಗಳ ಪುಸ್ತಕದಲ್ಲಿ ಪುಟ ಗುರುತಿಸುವ ಚೀಟಿ ಜಾರದಿರಲು ಆ ಅಂಟು ಒದಗುತ್ತದೆಂದು ಕಂಡುಕೊಂಡರು. 1980ರಲ್ಲಿ ಅದು ‘ಪೋಸ್ಟ್-ಇಟ್’ ಹೆಸರಿನಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂತು.

ಈ ಕ್ರಮ ನೆಲೆಯೂರಬೇಕಾದರೆ ಮೇಲಧಿಕಾರಿಗಳ ಹೊಣೆ ದೊಡ್ಡದು. ಜಾರಿಗೆ ಬಂದ ಯೋಚನೆಯನ್ನು ಅದನ್ನು ಕೊಟ್ಟವರ ಹೆಸರಿನಲ್ಲೇ ಪ್ರಕಟಿಸಬೇಕು. ಕೈಬಿಟ್ಟಿದ್ದಕ್ಕೆ ಕಾರಣ ತಿಳಿಸಬೇಕು. ತಮ್ಮ ಮಾತಿಗೆ ಬೆಲೆಯಿದೆ ಎಂದು ಕಂಡುಕೊಂಡ ಸಿಬ್ಬಂದಿ ಮಾತ್ರ ಮುಂದಿನ ಸಲವೂ ಮನಸ್ಸಿಟ್ಟು ಯೋಚಿಸುತ್ತಾರೆ.