ತೊನ್ನಲ್ಲ ಎಂದ ಮೇಲೆ

ಕೂಸಿನ ಮೈಮೇಲೆ ಬಿಳಿ ಮಚ್ಚೆ ಕಂಡರೆ ನಮ್ಮ ಕಡೆಯವರು ಕೇಳುವುದು ಒಂದೇ: ‘ಡಾಕ್ಟ್ರೇ, ತೊನ್ನಾ?’ ಹೆಣ್ಣುಮಗುವಾದರೆ ಅಜ್ಜಿಯ ದನಿ ಇನ್ನೂ ತಗ್ಗುತ್ತದೆ. ತೊಟ್ಟಿಲಲ್ಲಿರುವಾಗಲೇ ಮದುವೆಯ ಚಿಂತೆ. ಅಲ್ಲ ಎಂದರೆ ಸಾಕು, ಬ್ಯಾಗು ಹೆಗಲಿಗೇರಿಸಿ ಹೊರಟೇಬಿಡುತ್ತಾರೆ. ಅವರನ್ನು ಸರಿಯಾಗಿ ಅದೇ ಹೊತ್ತಿಗೆ ಮತ್ತೆ ಕೂರಿಸಬೇಕು ಎಂಬುದು ಚರ್ಮವೈದ್ಯನಾಗಿ ನಾನು ಕಲಿತ ಪಾಠ.

ತೊನ್ನು ಹುಟ್ಟಿನಿಂದಲೇ ಇರುವುದು ತೀರಾ ಅಪರೂಪ. ಅದರ ಬಿಳುಪೂ ಅಚ್ಚ ಬಿಳುಪು. ಹುಟ್ಟಿದಾಗಲೋ ಮೊದಲ ಕೆಲವು ತಿಂಗಳಲ್ಲೋ ಕಾಣುವ, ಒಂದು ತುದಿ ದುಂಡಗೆ, ಇನ್ನೊಂದು ಚೂಪಾಗಿ ಎಲೆಯಂತಿರುವ ಮಾಸಲು ಮಚ್ಚೆಗಳದು ಬೇರೆ ಕಥೆ. ಒಂದೆರಡು ಇದ್ದರೆ ಹೆದರಬೇಕಿಲ್ಲ, ಗಟ್ಟಿಮುಟ್ಟಾದ ಮಕ್ಕಳಲ್ಲೂ ಇರುತ್ತವೆ. 5 ಮಿ.ಮೀ.ಗೆ ಕಡಿಮೆಯಿಲ್ಲದವು 3 ಅಥವಾ ಹೆಚ್ಚು ಸಿಕ್ಕರೆ ಟ್ಯೂಬರಸ್ ಸ್ಕ್ಲೀರೋಸಿಸ್ ನೆನಪಾಗಬೇಕು. ಸುಮಾರು 6,000 ಮಕ್ಕಳಲ್ಲಿ ಒಂದಕ್ಕೆ ಬರುವ ಕಾಯಿಲೆ; ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಜೀನ್ ಕೆಟ್ಟು, ಜೀವಕೋಶಗಳ ಬೆಳವಣಿಗೆಗೆ ಹಿಡಿತ ತಪ್ಪಿ, ಮಿದುಳು, ಹೃದಯ, ಮೂತ್ರಪಿಂಡಗಳಲ್ಲಿ ಗಡ್ಡೆಗಳಾಗುತ್ತವೆ.

ಹಾಗಾಗಿ ಡಯಾಪರನ್ನೂ ಬಿಚ್ಚಿಸಿ ಇಡೀ ಮೈ ನೋಡುತ್ತೇನೆ. ಪುಸ್ತಕಗಳು ಕತ್ತಲೆ ಕೋಣೆ, ನೇರಳಾತೀತ ಬೆಳಕಿನ ವುಡ್ಸ್ ಲ್ಯಾಂಪು ಎನ್ನುತ್ತವೆ. ನಮ್ಮ ಮೈಬಣ್ಣಕ್ಕೆ ಎಷ್ಟೋ ಸಲ ಕಿಟಕಿಯ ಬೆಳಕೇ ಸಾಕು.

ಆಮೇಲೆ ತಾಯಿಗೆ ಒಂದು ಪ್ರಶ್ನೆ: ‘ಮಗು ಬೆಚ್ಚುತ್ತಾ?’ ‘ಹೂಂ ಸರ್, ನಿದ್ದೆಯಿಂದ ಎದ್ದ ಕೂಡಲೇ. ದೃಷ್ಟಿನೂ ತೆಗೆದ್ವಿ’ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಸದ್ದಿಗೆ ಬೆಚ್ಚುವ ಮಗು ಒಂದು ಸಲ ಬೆಚ್ಚಿ ಸುಮ್ಮನಾಗುತ್ತದೆ. ಇದು ಹಾಗಲ್ಲ. ಸದ್ದಿಲ್ಲದಿದ್ದರೂ ತಲೆ ಬಾಗುತ್ತದೆ, ಎರಡೂ ಕೈ ಮೇಲೇಳುತ್ತವೆ. ಕೆಲವು ಕ್ಷಣ ಬಿಟ್ಟು ಮತ್ತೆ, ಮತ್ತೆ. ಹೊಟ್ಟೆನೋವಿರಬೇಕೆಂದು ಗ್ರೈಪ್ ವಾಟರ್ ಕುಡಿಸುತ್ತಾರೆ. ಇದು ಒಂದು ಬಗೆಯ ಫಿಟ್ಸ್. ಮೊದಲ ವರ್ಷದೊಳಗೇ ಶುರುವಾಗುವುದು ಹೆಚ್ಚು. ಮೊಬೈಲಿನಲ್ಲಿ ವಿಡಿಯೋ ಮಾಡಿ ಎನ್ನುತ್ತೇನೆ. ಬಾಯಿಮಾತಿನ ವರ್ಣನೆಗಿಂತ ಅದು ಮಕ್ಕಳ ನರತಜ್ಞರಿಗೆ ಬೇಗ ಅರ್ಥವಾಗುತ್ತದೆ. ಮಿದುಳಿನ ಇಇಜಿ ಪರೀಕ್ಷೆ ಆಗಬೇಕು. ಈ ಕಾಯಿಲೆಯ ಇಂಥ ಫಿಟ್ಸಿಗೆ ವಿಗಾಬ್ಯಾಟ್ರಿನ್ ಎಂಬ ಔಷಧ ಚೆನ್ನಾಗಿ ನಾಟುತ್ತದೆ. ತಡವಾದಷ್ಟೂ ಮಗುವಿನ ಬುದ್ಧಿ ಬೆಳವಣಿಗೆಗೆ ಪೆಟ್ಟು.

ಒಮ್ಮೆ ಇಂಥದ್ದೇ ಗಂಡುಕೂಸನ್ನು ನೋಡುತ್ತಿದ್ದೆ. ‘ಗ್ರಹಣದ ದಿನ ಇವಳು ಒಳಗೆ ಕೂರ್ಲಿಲ್ಲ’ ಎಂದು ಅತ್ತೆ ಶುರು ಮಾಡಿದರು. ಬಾಣಂತಿ ತಲೆ ಎತ್ತಲಿಲ್ಲ. ನನ್ನ ಕಣ್ಣು ಮಾತ್ರ ಬಾಗಿಲ ಬಳಿ ನಿಂತಿದ್ದ ಅಪ್ಪನ ಮೇಲೆ. ಮೂವತ್ತು ದಾಟಿದ ಮನುಷ್ಯ. ಮೂಗಿನ ಎರಡೂ ಬದಿ, ಕೆನ್ನೆಗಳ ಮೇಲೆ ಕೆಂಪು ಗುಳ್ಳೆ. ‘ಮೊಡವೆ ಸರ್, ಪ್ರೈಮರಿ ಸ್ಕೂಲಿಂದ ಇದೆ. ಯಾವ ಕ್ರೀಮಿಗೂ ಹೋಗ್ಲಿಲ್ಲ.’ ಪ್ರೈಮರಿ ಸ್ಕೂಲಿನಲ್ಲಿ ಎಂಥ ಮೊಡವೆ? ಚಪ್ಪಲಿ ಬಿಡಿಸಿ ನೋಡಿದೆ. ಕಾಲುಗುರಿನ ಬುಡದಲ್ಲಿ ಮಾಂಸದ ಸಣ್ಣ ಮೊಳಕೆ. ಮುಖದ ಗುಳ್ಳೆ, ಈ ಮೊಳಕೆ ಎರಡೂ ಅದೇ ಕಾಯಿಲೆಯ ಗುರುತುಗಳು.

ಮೂರರಲ್ಲಿ ಎರಡು ಪಾಲು ಮಕ್ಕಳಲ್ಲಿ ಈ ದೋಷ ಹೊಸದಾಗಿ ಹುಟ್ಟಿದ್ದು, ಅಪ್ಪ–ಅಮ್ಮ ಇಬ್ಬರಲ್ಲೂ ಇರುವುದಿಲ್ಲ. ಇಲ್ಲಿ ಅಪ್ಪನಿಂದ ಬಂದಿತ್ತು. ಹಾಗಿದ್ದಾಗ ಮುಂದಿನ ಪ್ರತಿ ಮಗುವಿಗೂ 50% ಸಾಧ್ಯತೆ. ಆತನ ಒಪ್ಪಿಗೆ ಕೇಳಿಕೊಂಡು, ಅತ್ತೆಗೂ ಕೇಳಿಸುವಂತೆ, ಗ್ರಹಣದ್ದೂ ಅಲ್ಲ, ಬಾಣಂತಿಯ ತಪ್ಪೂ ಅಲ್ಲ ಎಂದೆ. ಕೂಸನ್ನು ಅಂದೇ ನರತಜ್ಞರ ಬಳಿ ಕಳಿಸಿದೆವು.

ಅಪ್ಪನ ಹೊಟ್ಟೆಯ ಸ್ಕ್ಯಾನಿನಲ್ಲಿ ಎರಡೂ ಮೂತ್ರಪಿಂಡಗಳಲ್ಲಿ ಕೊಬ್ಬಿನಂಶದ ಗಡ್ಡೆಗಳು ಸಿಕ್ಕವು. ಆತನಿಗೆ ಒಂದು ದಿನವೂ ನೋವು ಬಂದಿರಲಿಲ್ಲ. ದೊಡ್ಡದಾದರೆ ರಕ್ತ ಸೋರುವ ಭಯವಿರುತ್ತದೆ, ನಿಗಾ ಬೇಕು. ವರದಿ ಹಿಡಿದು ಬಂದಾಗ ಮಾತಿನ ನಡುವೆ, ತಂಗಿ ಹೆರಿಗೆಗೆ ತವರಿಗೆ ಬಂದಿದ್ದಾಳೆ ಎಂದರು. ನಾಳೆಯೇ ಆಕೆಯನ್ನೂ ಕರೆತನ್ನಿ ಎಂದೆ.