ನ್ಯಾಯಪೀಠವೂ ಸಂದೇಹದ ನೆರಳೂ



ತೀರ್ಪು ಹೇಳತಕ್ಕವನು ನಿಷ್ಪಕ್ಷಪಾತಿಯಾಗಿದ್ದರೆ ಸಾಲದೆ? ಪರರಿಗೆ ಸಂದೇಹ ಬಂದಿತೆಂದು ಅವನು ಪೀಠವನ್ನೇಕೆ ಬಿಡಬೇಕು? ಈ ಪ್ರಶ್ನೆಯು ಯಾದಗಿರಿ, ಶಹಾಪುರ, ಸುರಪುರಗಳ ಸದ್ಭಕ್ತರಿಗೆ ದೂರದ್ದಲ್ಲ. ನಮ್ಮ ಕೃಷ್ಣೆಯ ನೀರಿನ ವ್ಯಾಜ್ಯದಲ್ಲಿಯೇ ಅದು ಉದ್ಭವಿಸಿತು.

ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆಯು ಸುರಪುರ, ಶಹಾಪುರ ಸೀಮೆಯ ಜೀವನಾಡಿ. ಆ ಜಲಾಶಯದ ಹಿನ್ನೀರೇ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಬಳಸಿ ನಿಲ್ಲುವುದು. ಈ ನೀರಿನ ಹಂಚಿಕೆಯ ಬಗ್ಗೆ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ತೀರ್ಪನ್ನಿತ್ತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆಯಿಂದಾಗಿ ಅದು ರಾಜಪತ್ರದಲ್ಲಿ ಪ್ರಕಟವಾಗದೆ ಉಳಿಯಿತು. ಆ ವಿವಾದವು 2022ರ ಜನವರಿಯಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಬೋಪಣ್ಣನವರ ಮುಂದೆ ಬಂದಿತು. ಒಬ್ಬರು ಮಹಾರಾಷ್ಟ್ರದವರು, ಮತ್ತೊಬ್ಬರು ಕರ್ನಾಟಕದವರು. ಎರಡೂ ರಾಜ್ಯಗಳು ವ್ಯಾಜ್ಯದ ಪಕ್ಷಗಳು. ಇಬ್ಬರೂ ವಿಚಾರಣೆಯಿಂದ ಹಿಂದೆ ಸರಿದರು. ಅದಕ್ಕೂ ಮೊದಲು, 2021ರ ಆಗಸ್ಟಿನಲ್ಲಿ, ಆಂಧ್ರ ತೆಲಂಗಾಣಗಳ ನಡುವಣ ಕೃಷ್ಣೆಯ ಮೊಕದ್ದಮೆಯನ್ನು ಮುಖ್ಯ ನ್ಯಾಯಮೂರ್ತಿ ರಮಣರು ಬೇರೆ ಪೀಠಕ್ಕೆ ಒಪ್ಪಿಸಿದ್ದರು. ತಾವು ಎರಡೂ ರಾಜ್ಯಗಳಿಗೆ ಸೇರಿದವರೆಂಬುದೇ ಅವರು ಕೊಟ್ಟ ಕಾರಣ.

ಇದರಿಂದ ವಿಳಂಬವಾಗದೆ? ಆಗುವುದು, ಕಾಲುವೆಯ ತುದಿಯ ರೈತನಿಗೆ ಅದು ಸಣ್ಣ ನಷ್ಟವೂ ಅಲ್ಲ. ಆದರೂ ಅವರು ಮಾಡಿದುದು ಯುಕ್ತವೆಂದೇ ನಮ್ಮ ಮತ.

ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಕೊಂಡೆಯರು ಬಿಜ್ಜಳನಿಗೆ ದೂರಿದಾಗ, ಬಸವಣ್ಣನವರು ಭಂಡಾರವನ್ನು ತೆರೆದು ಎಣಿಸಿ ತೋರಿಸಿದರೆಂದು ಪುರಾಣಗಳು ಹೇಳುತ್ತವೆ. ತಮ್ಮ ಶುದ್ಧಿ ಸಂಗಮನಾಥನಿಗೆ ತಿಳಿದಿದೆಯೆಂದು ಅವರು ಸುಮ್ಮನಿರಲಿಲ್ಲ. ಹೊನ್ನನ್ನೇನೋ ಎಣಿಸಬಹುದು, ನ್ಯಾಯಾಧೀಶನ ಮನಸ್ಸನ್ನು ತೆರೆದು ಎಣಿಸಿ ತೋರಿಸುವ ಬಗೆ ಯಾವುದು? ಬಗೆಯಿಲ್ಲದ್ದರಿಂದಲೇ ಅವನು ಏಳಬೇಕಾಗುವುದು. ಏಳುವುದು ತಪ್ಪೊಪ್ಪಿಗೆಯಲ್ಲ. ಒಬ್ಬ ಸಿಪಾಯಿಯು ಯಾವ ಅಧಿಕಾರಿಯ ಮೇಲೆ ದೂರಿತ್ತಿದ್ದನೋ ಆ ಅಧಿಕಾರಿಯೇ ಅವನ ಸೇನಾ ವಿಚಾರಣೆಯಲ್ಲಿ ಕುಳಿತಿದ್ದ ಪ್ರಕರಣದಲ್ಲಿ, 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಸ್ಪಷ್ಟಪಡಿಸಿತು: ತೀರ್ಪುಗಾರನು ತನ್ನ ಮನಸ್ಸನ್ನಲ್ಲ, ಎದುರಿಗೆ ನಿಂತವನ ಮನಸ್ಸನ್ನು ನೋಡತಕ್ಕದ್ದು.

ಹಾಗೆಂದು ಸೋಲುವ ಭಯದಿಂದ ಕೂಗಿದವನ ಮಾತಿಗೆಲ್ಲ ಏಳುವುದೂ ಧರ್ಮವಲ್ಲ. ಹಾಗಾದರೆ ಕಕ್ಷಿಗಾರನೇ ತನಗೆ ಬೇಕಾದ ನ್ಯಾಯಾಧೀಶನನ್ನು ಆರಿಸಿಕೊಂಡಂತಾಯಿತು. ನ್ಯಾಯಾಧೀಶರ ನೇಮಕಾತಿ ಆಯೋಗದ ಮೊಕದ್ದಮೆಯಲ್ಲಿ, 2015ರಲ್ಲಿ, ನ್ಯಾಯಮೂರ್ತಿ ಖೇಹರ್ ಅವರು ಆಕ್ಷೇಪವನ್ನು ಕೇಳಿ, ಕಾರಣ ಹೇಳಿ, ಪೀಠದಲ್ಲಿಯೇ ಉಳಿದರು. ಸಂದೇಹಕ್ಕೆ ಆಧಾರವಿರಬೇಕು, ವಿವೇಕಿಯಾದ ಮೂರನೆಯವನಿಗೂ ಅದು ಸಹಜವೆನ್ನಿಸಬೇಕು. ಆದರೆ ವ್ಯಾಜ್ಯದ ಫಲದಲ್ಲಿ ತೀರ್ಪುಗಾರನಿಗೆ ಹಣದ ಪಾಲಿದ್ದರೆ ಇಷ್ಟು ವಿಚಾರವೂ ಬೇಕಿಲ್ಲ.

ಗೃಹಸ್ಥರಾದ ನಾವೂ ಇಂತಹ ಪೀಠದಲ್ಲಿ ಕುಳಿತುಕೊಳ್ಳುವೆವು. ಅಣ್ಣತಮ್ಮಂದಿರ ಪಾಲು, ಕಾಲುವೆಯ ನೀರಿನ ಪಾಳಿ ಮುಂತಾದುವನ್ನು ತೀರ್ಮಾನಿಸಲು ಊರ ದೈವದವರು ಕೂಡುವರು. ಪಂಚರಲ್ಲಿ ಒಬ್ಬನ ಹೊಲವು ಅದೇ ತೂಬಿನ ಕೆಳಗಿದ್ದರೆ, ಅಥವಾ ಒಬ್ಬನು ಒಂದು ಪಕ್ಷಕ್ಕೆ ಬೀಗನಾಗಿದ್ದರೆ, ಮಾತು ಆರಂಭವಾಗುವ ಮುನ್ನವೇ ಅದನ್ನು ಹೇಳಿ ಏಳಲಿ. ತೀರ್ಪಾದ ಮೇಲೆ ಬೇರೆಯವರ ಬಾಯಿಂದ ಹೊರಬಿದ್ದರೆ ಉಳಿದ ನಾಲ್ವರ ಮಾತೂ ಕೆಡುವುದು. ನೀರಿನ ಹಳೆಯ ರೂಢಿಯು ಅವನೊಬ್ಬನಿಗೇ ತಿಳಿದಿದ್ದರೆ, ಎದುರಿನ ಜಮಖಾನೆಯಲ್ಲಿ ಸಾಕ್ಷಿಯಾಗಿ ಕುಳಿತು ಅದನ್ನು ಹೇಳಲು ಅಡ್ಡಿಯಿಲ್ಲ.