ಸಾವಿರದೈನೂರರ ಕಿವಿಯೋಲೆ

ಫ್ರಿಜ್ ತರುವ ಮುಂಚೆ ಹತ್ತು ಜನರನ್ನು ವಿಚಾರಿಸುವವರು ಇಯರ್‌ಫೋನ್ ಕೊಳ್ಳುವಾಗ ಯಾರನ್ನೂ ಕೇಳುವುದಿಲ್ಲ. ಐನೂರು ರೂಪಾಯಿ ತಾನೇ, ಹೋದರೆ ಹೋಗಲಿ ಎಂಬ ಉದಾಸೀನ. ಹೋಗಿಯೂ ಹೋಗುತ್ತದೆ. ಆರು ತಿಂಗಳಿಗೆ ಒಂದು ಬದಿ ಬಾಯಿ ಮುಚ್ಚುತ್ತದೆ, ಇನ್ನೊಂದು ಐನೂರು. ಪಿನ್ನಿನ ಬುಡದಲ್ಲಿ ವೈರು ಕಿತ್ತು ಬರುತ್ತದೆ, ಮತ್ತೊಂದು ಐನೂರು. ನಾಲ್ಕು ಜನರ ಮನೆಯಲ್ಲಿ ವರ್ಷಕ್ಕೆ ಈ ಬಾಬ್ತಿಗೆ ಎಷ್ಟು ಹೋಯಿತೆಂದು ಯಾರೂ ಬರೆದಿಡುವುದಿಲ್ಲ. ಬರೆದಿಟ್ಟರೆ ಒಂದು ಒಳ್ಳೆಯ ಮಿಕ್ಸಿಯ ದುಡ್ಡಾಗುತ್ತದೆ.

ಈ ಉದಾಸೀನದ ಹಿಂದೆ ಒಂದು ನಂಬಿಕೆ ಇದೆ: ದುಬಾರಿಯದು ಚೆನ್ನಾಗಿ ಕೇಳಿಸುತ್ತದೆ, ನಮ್ಮ ಬಜೆಟ್ಟಿಗೆ ಸಿಗುವುದು ಇಷ್ಟೇ. 2017ರಲ್ಲಿ ಜೆರೋನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಎದುರಿಗಿಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಕಿವಿಯನ್ನು ಪೂರ್ತಿ ಮುಚ್ಚುವವು, ಕಿವಿಯೊಳಗೆ ಹೋಗುವವು ಎಲ್ಲವೂ ಅದರಲ್ಲಿದ್ದವು. ತಗ್ಗಿನ ಸ್ವರದಿಂದ ಎತ್ತರದ ಸ್ವರದವರೆಗೆ ಯಾವುದನ್ನು ಎಷ್ಟು ಜೋರಾಗಿ ನುಡಿಸುತ್ತದೆ ಎನ್ನುವುದಕ್ಕೂ ಅದರ ಬೆಲೆಗೂ ಸಂಬಂಧವಿದೆಯೇ ಎಂದು ಹುಡುಕಿದರೆ, ಸಂಬಂಧವೇ ಸಿಗಲಿಲ್ಲ. ಜಾಸ್ತಿ ಕೊಟ್ಟ ದುಡ್ಡು ಗಟ್ಟಿತನಕ್ಕೆ, ಅಂದಕ್ಕೆ, ಬ್ರ್ಯಾಂಡಿಗೆ ಹೋಗಿರಬಹುದು. ನಾದದ ಸಮತೋಲಕ್ಕೆ ಹೋಗಿದೆ ಎಂಬ ಖಾತರಿ ಮಾತ್ರ ಇಲ್ಲ.

ಆಮೇಲೆ ಪೇಟೆ ಇನ್ನೂ ಬದಲಾಯಿತು. 2022ರ ಸುಮಾರಿಗೆ ಚೀನಾದ ಸಣ್ಣ ಕಂಪನಿಗಳು ಇಪ್ಪತ್ತು ಡಾಲರಿನ ಆಸುಪಾಸಿನಲ್ಲಿ ಮೂನ್‌ಡ್ರಾಪ್ ಚು, ಸೆವೆನ್‌ಹರ್ಟ್ಜ್ ಸಾಲ್‌ನೋಟ್ಸ್ ಝೀರೋ ಥರದ ವೈರಿನ ಇಯರ್‌ಫೋನ್‌ಗಳನ್ನು ತಂದವು. ನಮ್ಮಲ್ಲಿ ಇವು ಸಾವಿರದೈನೂರರಿಂದ ಎರಡು ಸಾವಿರ ಚಿಲ್ಲರೆಗೆ ಸಿಗುತ್ತವೆ. ಒಳಗಿರುವುದು ಹತ್ತು ಮಿಲಿಮೀಟರಿನ ಒಂದೇ ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್. ಅದರಲ್ಲಿ ಹೊಸ ಪವಾಡವೇನೂ ಇಲ್ಲ. ಇವರು ಮಾಡಿದ ಜಾಣತನ ಬೇರೆ. ನಮ್ಮ ಕಿವಿಯ ನಾಳ ಬರಿದಾಗಿದ್ದಾಗ ಮೂರು ಸಾವಿರ ಹರ್ಟ್ಜ್ ಆಸುಪಾಸಿನ ಸದ್ದನ್ನು ತಾನೇ ಎತ್ತಿ ಕೊಡುತ್ತದೆ. ನಾಳಕ್ಕೆ ಬಿರಡೆ ಹಾಕಿದ ತಕ್ಷಣ ಆ ಸಹಾಯ ನಿಂತುಹೋಗುತ್ತದೆ. ಆದ್ದರಿಂದ ಇಯರ್‌ಫೋನೇ ಆ ಜಾಗದಲ್ಲಿ ಸ್ವಲ್ಪ ಎತ್ತಿ ನುಡಿಸಬೇಕು. ಎಷ್ಟು ಎತ್ತಿದರೆ ಹೆಚ್ಚು ಜನರಿಗೆ ಹಿತ ಎಂಬುದನ್ನು ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರನ್ನು ಕೂರಿಸಿ ಪರೀಕ್ಷಿಸಿ ಪ್ರಕಟಿಸಿದ್ದರು. ಪ್ರಕಟವಾದ ಸಂಗತಿಯನ್ನು ಓದಿ ಅದಕ್ಕೆ ಹತ್ತಿರ ಶ್ರುತಿ ಮಾಡಲು ದೊಡ್ಡ ಕಾರ್ಖಾನೆ ಬೇಕಿಲ್ಲ, ಅಳತೆಯ ಯಂತ್ರ ಮತ್ತು ತಾಳ್ಮೆ ಸಾಕು.

ಸಿದ್ಧಾಂತ ಹಾಗಿರಲಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಯರ್‌ಫೋನ್ ಕೇಳಿದರೆ ಬರುವ ಮೊದಲ ಮಾತು, ‘ಬೇಸ್ ಸಖತ್ತಾಗಿದೆ ಸಾರ್.’ ಅದು ಸುಳ್ಳಲ್ಲ. ಐನೂರರ ಒಳಗಿನ ಬಹುಪಾಲು ಮಾಲಿನಲ್ಲಿ ಬೇಸನ್ನು ಬೇಕೆಂದೇ ಏರಿಸಿರುತ್ತಾರೆ. ಬಸ್ಸಿನ ಇಂಜಿನ್ನಿನ ಗದ್ದಲ ತಗ್ಗಿನ ಸ್ವರಗಳನ್ನೇ ಮೊದಲು ನುಂಗುವುದು ಒಂದು ಕಾರಣ. ಸಡಿಲವಾಗಿ ಕೂತ ಇಯರ್‌ಫೋನಿನಿಂದ ಮೊದಲು ಸೋರಿಹೋಗುವುದೂ ಬೇಸೇ, ಆದ್ದರಿಂದ ಸೋರಿಕೆಗೂ ಸೇರಿಸಿ ಒಂದು ಹಿಡಿ ಜಾಸ್ತಿ ಹಾಕುತ್ತಾರೆ.

ಇದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ನೀವು ಕೇಳುವ ಹಾಡಿನ ಮೇಲೆ. 1987ರ ‘ಪ್ರೇಮಲೋಕ’ದ ಹಂಸಲೇಖರ ಹಾಡುಗಳನ್ನು ನಾನೂರು ರೂಪಾಯಿಯ ಬೇಸ್ ಡಬ್ಬಿಯಲ್ಲಿ ಕೇಳಿ, ತಲೆ ತಾನಾಗಿ ಅಲ್ಲಾಡುತ್ತದೆ. ಅದೇ ಡಬ್ಬಿಯಲ್ಲಿ 1972ರ ‘ಬಂಗಾರದ ಮನುಷ್ಯ’ ಹಾಕಿ. ಪಿ.ಬಿ. ಶ್ರೀನಿವಾಸರ ಕಂಠ ಮೊದಲೇ ಮಂದ್ರದ ಕಡೆಗೆ ಒಲಿದದ್ದು. ಏರಿಸಿದ ಬೇಸ್ ಸರಿಯಾಗಿ ಅವರ ದನಿಯ ಬುಡದ ಮೇಲೇ ಬಂದು ಕೂರುತ್ತದೆ. ದನಿ ಊದಿಕೊಳ್ಳುತ್ತದೆ, ಒತ್ತಕ್ಷರಗಳು ಮಂಕಾಗುತ್ತವೆ, ಹಿಂದಿನ ಪಿಟೀಲುಗಳು ಪಕ್ಕದ ಕೋಣೆಗೆ ಸರಿಯುತ್ತವೆ. ಝೀರೋ ಅಥವಾ ಚು ಕಿವಿಗೆ ಹಾಕಿ ಅದೇ ಹಾಡು ಕೇಳಿದಾಗ ದನಿ ಮುಂದೆ ಬಂದು ನಿಲ್ಲುತ್ತದೆ, ಸಾಲಿನ ನಡುವೆ ಎಳೆದುಕೊಂಡ ಉಸಿರೂ ಸಿಗುತ್ತದೆ.

ನನಗೆ ಇದಕ್ಕಿಂತ ಖಚಿತವಾದ ಪರೀಕ್ಷೆ ತಂಬೂರಿ. ಮಲ್ಲಿಕಾರ್ಜುನ ಮನ್ಸೂರರ ಯಾವುದಾದರೂ ರೆಕಾರ್ಡಿಂಗಿನ ಮೊದಲ ನಿಮಿಷ ಸಾಕು, ಅವರು ಬಾಯಿ ತೆರೆಯುವ ಮುಂಚಿನದು. ಚೆನ್ನಾಗಿ ಶ್ರುತಿಯಾದ ಇಯರ್‌ಫೋನಿನಲ್ಲಿ ತಂತಿ ಮೀಟಿದ್ದು, ಅದು ಅರಳಿ ಜೀವಾಳದ ಝೇಂಕಾರವಾಗಿದ್ದು, ಮುಂದಿನ ತಂತಿ ಅದರ ಮೇಲೆ ಬಿದ್ದದ್ದು ಬೇರೆಬೇರೆಯಾಗಿ ಕೇಳುತ್ತದೆ. ಬೇಸ್ ಡಬ್ಬಿಯಲ್ಲಿ ಒಂದು ಗುಂಯ್ ಅಷ್ಟೇ. ಇನ್ನೂ ಒಂದು ಜಾತಿಯಿದೆ, ‘ಕ್ರಿಸ್ಟಲ್ ಕ್ಲಿಯರ್’ ಎಂದು ಡಬ್ಬಿಯ ಮೇಲೆ ಬರೆದಿರುವುದು. ಅದರಲ್ಲಿ ಝೇಂಕಾರವೇನೋ ಚೆನ್ನಾಗಿಯೇ ಕೇಳುತ್ತದೆ, ಆದರೆ ಸಕಾರ ಶಕಾರಗಳೆಲ್ಲ ಸೂಜಿಯಾಗುತ್ತವೆ. ಸುದ್ದಿ, ಪ್ರವಚನ, ಪಾಡ್‌ಕಾಸ್ಟ್ ಕೇಳುವವರಿಗೆ ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತದೆ. ಬೇಸ್ ಜಾಸ್ತಿಯಾದರೆ ಸಹಿಸಬಹುದು, ಇದನ್ನು ಆಗದು ಎಂಬುದು ನನ್ನ ತೀರ್ಮಾನ.

ಇಷ್ಟೆಲ್ಲ ಹೇಳಿದ ಮೇಲೂ, ಒಳ್ಳೆಯ ಇಯರ್‌ಫೋನನ್ನು ಕೆಟ್ಟದ್ದು ಮಾಡಲು ಒಂದು ಸಣ್ಣ ರಬ್ಬರು ಸಾಕು. ಡಬ್ಬಿಯಲ್ಲಿ ಮೂರು ಅಳತೆಯ ಇಯರ್‌ಟಿಪ್ ಕೊಟ್ಟಿರುತ್ತಾರೆ. ನನಗೆ ಗೊತ್ತಿರುವವರಲ್ಲಿ ಹೆಚ್ಚಿನವರು ಸಿಕ್ಕಿಸಿಕೊಂಡು ಬಂದದ್ದನ್ನೇ ಕೊನೆಯವರೆಗೂ ಬಳಸಿ ಉಳಿದ ಜೊತೆಗಳನ್ನು ಡಬ್ಬಿಯ ಸಮೇತ ಕಸಕ್ಕೆ ಹಾಕುತ್ತಾರೆ. ದುಡ್ಡು ಅಲ್ಲೇ ಹೋಯಿತು. ಟಿಪ್ ಸರಿಯಾಗಿ ಮುಚ್ಚದಿದ್ದರೆ ಎರಡು ಸಾವಿರದ ಮಾಲೂ ಡಬ್ಬ ರೇಡಿಯೊದಂತೆ ನುಡಿಯುತ್ತದೆ.

ನೋಡುವ ವಿಧಾನ ಸುಲಭ. ಮೃದಂಗವಿರುವ ಹಾಡು ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ. ಎಡಬದಿಯ ಗುಂಕಾರ ಥಟ್ಟನೆ ಹೆಚ್ಚಿದರೆ ಸೋರಿಕೆ ಇದೆ ಎಂದರ್ಥ, ಒಂದು ಅಳತೆ ದೊಡ್ಡದನ್ನು ಹಾಕಿ. ಹಾಕುವಾಗ ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ನಾಳ ನೆಟ್ಟಗಾಗಿ ಟಿಪ್ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಎರಡು ಕಿವಿಯ ಅಳತೆ ಒಂದೇ ಇರಬೇಕೆಂದಿಲ್ಲ. ನನ್ನ ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು. ಯಾವುದೂ ಸರಿಹೋಗದಿದ್ದರೆ ಬಿಡಿ ಟಿಪ್ಪುಗಳು ಸಿಗುತ್ತವೆ. ಇಯರ್‌ಫೋನ್ ಬದಲಿಸುವ ಯೋಚನೆ ಇರುವವರು ನೂರು ರೂಪಾಯಿಯ ಟಿಪ್ ಮೊದಲು ಬದಲಿಸಿ ನೋಡಬಹುದು.

ನೋವಿನಲ್ಲೂ ವ್ಯತ್ಯಾಸವಿದೆ. ಗಂಟೆ ಕಳೆದ ಮೇಲೆ ನಾಳದ ಒಳಗೆ ಹಿಂಡಿದಂತಾದರೆ ಟಿಪ್ ದೊಡ್ಡದಾಯಿತು. ಹೊರಗಿನ ಬಟ್ಟಲಲ್ಲಿ, ಕಿವಿಯ ಮಡಿಕೆ ಇರುವಲ್ಲಿ ನೋವಾದರೆ ಇಯರ್‌ಫೋನಿನ ಮೈಯೇ ದೊಡ್ಡದು. ಅದಕ್ಕೆ ಟಿಪ್ ಬದಲಿಸಿ ಪ್ರಯೋಜನವಿಲ್ಲ. ಅಕ್ಕನ ಮಗಳು ನನ್ನ ಝೀರೋ ಒಂದು ಸಂಜೆ ಆನ್‌ಲೈನ್ ಕ್ಲಾಸಿಗೆಂದು ತೆಗೆದುಕೊಂಡು ಹೋದವಳು ರಾತ್ರಿಯೇ ವಾಪಸ್ ತಂದಳು. ‘ಮಾಮ, ಸೌಂಡ್ ಸೂಪರ್, ಆದ್ರೆ ಇದು ನನ್ ಕಿವಿಗಿಂತ ದೊಡ್ಡದಿದೆ’ ಎಂದು ತೋರಿಸಿದಳು. ಕಿವಿಯ ಅಂಚು ಕೆಂಪಾಗಿತ್ತು. ಝೀರೋದ ಮೈ ಅಗಲ, ಚೌಕನೆಯದು. ಚುವಿನ ಲೋಹದ ಮೈ ಅದಕ್ಕಿಂತ ಚಿಕ್ಕದು, ಅವಳಿಗೆ ಅದು ಕೂತಿತು. ನಾದದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ನನ್ನಂಥ ಹುಚ್ಚರು ಚರ್ಚಿಸುವಷ್ಟು ಮಾತ್ರ. ಕಿವಿಯ ಗಾತ್ರ ಅವಳ ಆಯ್ಕೆಯನ್ನು ಐದು ನಿಮಿಷದಲ್ಲಿ ಮುಗಿಸಿತು.

ಈ ಬಗೆಯವುಗಳ ವೈರನ್ನು ಕಿವಿಯ ಮೇಲಿಂದ ಸುತ್ತಿ ಹಾಕಬೇಕು. ಮೊದಲ ವಾರ ಕಿರಿಕಿರಿ. ಆದರೆ ನಡೆಯುವಾಗ ವೈರು ಅಂಗಿಗೆ ಉಜ್ಜಿ ದಬದಬ ಎನ್ನುವ ಕಾಟ ಬಹಳ ಕಡಿಮೆಯಾಗುತ್ತದೆ. ಬಿಗಿಯಾಗಿ ಮುಚ್ಚುವುದರ ಇನ್ನೊಂದು ಫಲವನ್ನೂ ತಿಳಿದಿರಿ: ಹಾಕಿಕೊಂಡು ಚಕ್ಕುಲಿ ತಿಂದರೆ ತಲೆಯೊಳಗೆ ಜಲ್ಲಿ ಕ್ರಷರ್ ಓಡಿದಂತಿರುತ್ತದೆ.

ಹಾಗೆಂದು ಎಲ್ಲರಿಗೂ ಕಿವಿ ಮುಚ್ಚುವುದು ಬೇಡ. ಅಮ್ಮನಿಗೆ ಪ್ರವಚನ ಕೇಳುವಾಗ ಕುಕ್ಕರಿನ ಸೀಟಿಯೂ ಬಾಗಿಲ ಗಂಟೆಯೂ ಕೇಳಬೇಕು. ಕಿವಿಯ ಬಾಯಲ್ಲಿ ಕೂರುವ, ರಬ್ಬರಿಲ್ಲದ, ನಡುವೆ ಒಂದು ಗುಂಡಿ ಇರುವ ಹಳೆಯ ಮಾದರಿಯ ವೈರಿನದು ಅವರಿಗೆ ಸರಿಹೋಯಿತು. ಬೇಸ್ ಇಲ್ಲ, ಅದು ಅವರಿಗೆ ಬೇಕೂ ಇಲ್ಲ. ಮುಟ್ಟಿದರೆ ನಿಲ್ಲುವ, ಎರಡು ಸಲ ಮುಟ್ಟಿದರೆ ಮುಂದೆ ಹೋಗುವ ಬಡ್ಸ್ ತಂದುಕೊಟ್ಟವರು ಆ ಬಡ್ಸನ್ನು ತಾವೇ ಬಳಸಬೇಕಾಗುತ್ತದೆ.

ಈಗ ಲೆಕ್ಕ. ವೈರ್‌ಲೆಸ್ ಬಡ್ಸಿನ ಒಳಗೆ ಕಾಳಿನಷ್ಟು ಬ್ಯಾಟರಿ ಇರುತ್ತದೆ. ದಿನಾ ಬಳಸಿದರೆ ಎರಡು ಮೂರು ವರ್ಷದಲ್ಲಿ ಅದರ ದಮ್ಮು ಕಡಿಮೆಯಾಗುತ್ತದೆ, ಈ ಬೆಲೆಯಲ್ಲಿ ಬ್ಯಾಟರಿ ಬದಲಿಸಿಕೊಡುವವರು ಯಾರೂ ಇಲ್ಲ. ಸಾವಿರದೈನೂರರ ಬಡ್ಸ್ ಎರಡು ವರ್ಷ ಬಂದರೆ ತಿಂಗಳಿಗೆ ಅರವತ್ತೆರಡು ರೂಪಾಯಿ ಬಿದ್ದಂತಾಯಿತು. ವೈರಿನದು ಸಾವಿರದ ಎಂಟುನೂರು, ನಡುವೆ ಒಮ್ಮೆ ಬದಲಿ ಕೇಬಲ್ಲಿಗೆ ಐನೂರು ಹಿಡಿದು ಐದು ವರ್ಷ ಬಂತೆನ್ನಿ, ತಿಂಗಳಿಗೆ ಮೂವತ್ತೆಂಟು. ಕೇಬಲ್ ಕಳಚುವ ಮಾದರಿಯನ್ನೇ ಕೊಳ್ಳಬೇಕು ಎನ್ನುವುದು ಇದಕ್ಕಾಗಿ. ಝೀರೋದಲ್ಲಿ ಕಳಚುತ್ತದೆ, ಮೊದಲ ಚುವಿನಲ್ಲಿ ಕಳಚುವುದಿಲ್ಲ, ಚು ಟೂ ಬಂದಾಗ ಅದನ್ನು ಸರಿಮಾಡಿದರು.

ಆದರೆ ವೈರಿನ ಪರವಾಗಿ ಲೆಕ್ಕ ಬಾಗಿಸುವುದೂ ಸರಿಯಲ್ಲ. 2016ರಲ್ಲಿ ಐಫೋನ್ 7 ಹೆಡ್‌ಫೋನ್ ತೂತನ್ನು ತೆಗೆದುಹಾಕಿದ ಮೇಲೆ ಉಳಿದ ಕಂಪನಿಗಳೂ ಒಂದೊಂದಾಗಿ ಆ ದಾರಿ ಹಿಡಿದವು. ನಿಮ್ಮ ಫೋನಿನಲ್ಲಿ ಆ ತೂತಿಲ್ಲದಿದ್ದರೆ ಟೈಪ್-ಸಿ ಡಾಂಗಲ್ ಬೇಕು, ಒಳಗೆ ಧ್ವನಿ ಪರಿವರ್ತಿಸುವ ಚಿಪ್ ಇರುವಂಥದ್ದು. ಅದಕ್ಕೆ ಏಳುನೂರು ಸೇರಿಸಿದರೆ ತಿಂಗಳಿಗೆ ಐವತ್ತಾಯಿತು, ಅಂತರ ಸಣ್ಣದಾಯಿತು. ಜಿಮ್ಮಿಗೆ ಹೋಗುವವರು, ಸ್ಕೂಟರ್ ನಿಲ್ಲಿಸಿ ಪದೇ ಪದೇ ಫೋನ್ ಎತ್ತುವವರು ವೈರ್‌ಲೆಸ್ಸನ್ನೇ ತೆಗೆದುಕೊಳ್ಳಲಿ. ಬಸ್ಸು, ಮೆಟ್ರೊ, ಮೇಜಿನ ಮುಂದೆ ಕೂತು ಗಂಟೆಗಟ್ಟಲೆ ಕೇಳುವವರಿಗೆ ಮಾತ್ರ ನಾನು ವೈರು ಹೇಳುತ್ತೇನೆ.

ವೈರ್‌ಲೆಸ್ ಕೊಳ್ಳುವವರು ಡಬ್ಬಿಯ ಮೇಲಿನ ಎರಡು ಸಂಕ್ಷೇಪಗಳನ್ನು ಬಿಡಿಸಿ ಓದಬೇಕು. ಎಎನ್‌ಸಿ ಎಂದರೆ ನಿಮ್ಮ ಕಿವಿಗೆ ಬೀಳುವ ಹೊರಗಿನ ಗದ್ದಲ ತಗ್ಗಿಸುವುದು. ಇಎನ್‌ಸಿ ಎಂದರೆ ಕರೆ ಮಾಡಿದಾಗ ಆಚೆಯವರಿಗೆ ನಿಮ್ಮ ಹಿಂದಿನ ಗದ್ದಲ ಕಡಿಮೆ ಕೇಳುವಂತೆ ಮಾಡುವುದು. ಎರಡನೆಯದನ್ನು ದಪ್ಪಕ್ಷರದಲ್ಲಿ ಹಾಕಿ ಮೊದಲನೆಯದರ ಭ್ರಮೆ ಹುಟ್ಟಿಸುವ ಡಬ್ಬಿಗಳು ಬೇಕಾದಷ್ಟಿವೆ. 20 ಹರ್ಟ್ಜ್‌ನಿಂದ 20,000 ಹರ್ಟ್ಜ್ ಎಂಬ ಸಾಲು ಎಲ್ಲ ಡಬ್ಬಿಯ ಮೇಲೂ ಇರುತ್ತದೆ, ಅದನ್ನು ಓದದಿದ್ದರೂ ನಡೆಯುತ್ತದೆ.

‘ನೋ ಕಾಸ್ಟ್ ಇಎಂಐ’ ಬಗ್ಗೆ ಒಂದು ಮಾತು, ಯಾಕೆಂದರೆ ಮೂರು ಸಾವಿರದ ಬಡ್ಸಿಗೂ ಈಗ ಆ ಗುಂಡಿ ಕಾಣಿಸುತ್ತದೆ. ಸೊನ್ನೆ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿಯನ್ನು ರಿಯಾಯಿತಿಯ ರೂಪದಲ್ಲಿ ಕಳೆದು ತೋರಿಸಿದರೂ ಪ್ರೊಸೆಸಿಂಗ್ ಶುಲ್ಕ ಉಳಿಯುತ್ತದೆ. 199 ರೂಪಾಯಿ ಶುಲ್ಕಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 235. ಮೂರು ಸಾವಿರದ ವಸ್ತುವಿಗೆ ಅದು ನೂರಕ್ಕೆ ಎಂಟರಷ್ಟಾಯಿತು.

ಬಿಗಿಯಾಗಿ ಕೂರಬೇಕೆಂದು ಇಷ್ಟು ಒತ್ತಿ ಹೇಳಲು ನಾದವೊಂದೇ ಕಾರಣವಲ್ಲ. ಸೋರುವ ಇಯರ್‌ಫೋನ್ ಹಾಕಿಕೊಂಡು ಬಿಎಂಟಿಸಿ ಬಸ್ಸಿನಲ್ಲಿ ಕೂತವರು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗಡಿ. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ಸರಿಯಾದ ಟಿಪ್ ಹೊರಗಿನ ಗದ್ದಲವನ್ನು ತಾನೇ ತಡೆಯುವುದರಿಂದ ವಾಲ್ಯೂಮ್ ಕೆಳಗೇ ಇರುತ್ತದೆ. ಶ್ರವಣಯಂತ್ರದ ಬೆಲೆ ವಿಚಾರಿಸಿದವರಿಗೆ ಈ ಉಳಿತಾಯದ ಗಾತ್ರ ಗೊತ್ತು.

ಕೊನೆಯದಾಗಿ, ಒಂದು ಬದಿಯ ಸದ್ದು ಕಡಿಮೆಯಾಯಿತೆಂದು ಇಯರ್‌ಫೋನ್ ಎಸೆಯುವ ಮುಂಚೆ ಅದರ ಟಿಪ್ ಕಳಚಿ ಬೆಳಕಿಗೆ ಹಿಡಿಯಿರಿ. ಮೂತಿಯಲ್ಲಿ ಕೂದಲಷ್ಟು ಸಣ್ಣ ಜಾಲರಿ ಇರುತ್ತದೆ, ಗುಗ್ಗೆ ಅಲ್ಲಿ ಮೇಣದಂತೆ ಮೆತ್ತಿಕೊಂಡಿರುತ್ತದೆ. ಜಾಲರಿಯನ್ನು ನೆಲದ ಕಡೆಗೆ ತಿರುಗಿಸಿ, ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಮೇಲ್ಮುಖವಾಗಿ ಹಿಡಿದು ಉಜ್ಜಿದರೆ ಕಸ ಒಳಗೇ ಬೀಳುತ್ತದೆ. ಪಿನ್ನು ಚುಚ್ಚಬೇಡಿ, ನೀರು ತಾಗಿಸಬೇಡಿ. ಟಿಪ್ಪನ್ನು ಮಾತ್ರ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ನಮ್ಮ ಮನೆಯಲ್ಲಿ ಸತ್ತಿದೆ ಎಂದು ಡ್ರಾಯರ್ ಸೇರಿದ್ದವುಗಳಲ್ಲಿ ಕೆಲವು ಇಷ್ಟರಿಂದಲೇ ಎದ್ದು ಕೂತವು. ಅದರಲ್ಲೊಂದನ್ನು ಬಾವ ಈಗ ಆಫೀಸಿನ ಮೀಟಿಂಗಿಗೆ ಬಳಸುತ್ತಿದ್ದಾರೆ.